ಮುಂದಿನ ಚಕ್ರದ ಸದ್ದು ಯಾವಾಗ ಬರುವುದಿಲ್ಲ?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ತೋಟದ ಹಳೆಯ ಜೀಪಿನ ಮುಂಭಾಗದಿಂದ ಒಂದು ಸದ್ದು ಕೇಳತೊಡಗಿತು. ಗಂಟೆಗೆ 35 ಕಿ.ಮೀ. ವೇಗದವರೆಗೆ ಏನೂ ಇರುತ್ತಿರಲಿಲ್ಲ. ಅದನ್ನು ದಾಟಿದೊಡನೆ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವಂಥ ಮೊರೆತ ಶುರುವಾಗಿ, ವೇಗದೊಂದಿಗೆ ಏರುತ್ತ ಹೋಗುತ್ತಿತ್ತು. 45ರಿಂದ 55ರ ನಡುವೆ ಕಾಲ ಕೆಳಗಿನ ತಗಡು ಅದುರಿ, ಗೇರ್ ಲಿವರಿನ ಮೇಲೆ ಕೈಯಿಟ್ಟರೆ ಅಂಗೈ ಜೋಮು ಹಿಡಿಯುತ್ತಿತ್ತು. ಇದು ಸಾಲದೆಂಬಂತೆ, ಮುಂದಿನ ಎಡಚಕ್ರ ಗುಂಡಿಯೊಂದಕ್ಕೆ ಇಳಿದು ಎದ್ದರೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ತೊಡಗಿ, ಬ್ರೇಕ್ ಒತ್ತಿ ವೇಗ ಇಳಿಸುವವರೆಗೆ ನಿಲ್ಲುತ್ತಿರಲಿಲ್ಲ. ಮೂರೂ ಹೆಚ್ಚು ಕಡಿಮೆ ಒಂದೇ ತಿಂಗಳಲ್ಲಿ ಗಮನಕ್ಕೆ ಬಂದದ್ದರಿಂದ ಮೂರಕ್ಕೂ ಕಾರಣ ಒಂದೇ ಎಂದು ನಾನು ನಂಬಿದೆ. ಆ ನಂಬಿಕೆಯಿಂದಲೇ ಎರಡು ತಿಂಗಳು ಕಳೆದುಹೋಯಿತು.

ಪೇಟೆಯ ಗ್ಯಾರೇಜೊಂದರಲ್ಲಿ ಗಾಡಿಯನ್ನು ಬಿಟ್ಟಾಗ ಅವರು ಒಂದು ಸುತ್ತು ಓಡಿಸಿ ನೋಡಿ, ‘ಬೇರಿಂಗ್ ಸೌಂಡು’ ಎಂದರು. ಹಾಗೆ ಹೇಳಲು ಅವರಿಗೆ ಒಳ್ಳೆಯ ಕಾರಣವೇ ಇತ್ತು. ನಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ ಹಳ್ಳವೊಂದನ್ನು ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ನೀರು ಚಕ್ರದ ನಡುಭಾಗದವರೆಗೆ ಬರುತ್ತದೆ. ಓಡಿ ಬಿಸಿಯಾದ, ಚಕ್ರದ ನಡುವಿನ ಹಬ್ ತಣ್ಣನೆಯ ನೀರಿಗೆ ಇಳಿದೊಡನೆ ಅದರ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನಿಂದ ಏನನ್ನಾದರೂ ಒಳಗೆಳೆದುಕೊಳ್ಳಲೇಬೇಕು, ಮತ್ತು ಆಯಿಲ್ ಸೀಲ್ ಸ್ವಲ್ಪ ಸವೆದಿದ್ದರೂ ಒಳಗೆ ಹೋಗುವುದು ಹಳ್ಳದ ನೀರೇ. ಹಬ್ ಬಿಚ್ಚಿದಾಗ ಗ್ರೀಸು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು ಎಂದು ಅವರು ತೋರಿಸಿದರು. ಎರಡೂ ಕಡೆಯ ಬೇರಿಂಗುಗಳನ್ನು, ಅಂದರೆ ಪ್ರತಿ ಚಕ್ರಕ್ಕೆ ಒಳಗೊಂದು ಹೊರಗೊಂದರಂತೆ ಒಟ್ಟು ನಾಲ್ಕು ಟೇಪರ್ ರೋಲರ್ ಬೇರಿಂಗುಗಳನ್ನು, ಬದಲಿಸಿದರು. ಅದು ಹೇಗೂ ಆಗಬೇಕಿದ್ದ ಕೆಲಸ. ಆದರೆ ಮೂಡಿಗೆರೆಯಿಂದ ಚಿಕ್ಕಮಗಳೂರಿನ ಕಡೆಗೆ ಹೊರಟು ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೇ ಮೊರೆತ ಅದೇ 35ಕ್ಕೆ ಹಾಜರಾಯಿತು. ಗಾಡಿ ನಿಲ್ಲಿಸಿ ಹಬ್ ಮುಟ್ಟಿದರೆ ಎಡಗಡೆಯದು ಬೆಚ್ಚಗಿತ್ತು, ಬಲಗಡೆಯದನ್ನು ಮುಟ್ಟಿದ ಕೈ ಹಿಂದಕ್ಕೆ ಬಂತು. ನಟ್ಟನ್ನು ಅಗತ್ಯಕ್ಕಿಂತ ಬಿಗಿಯಾಗಿ ಕೂರಿಸಿದ್ದರು.

ಈ ನಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಟೇಪರ್ ಬೇರಿಂಗನ್ನು ಬಲವಿದ್ದಷ್ಟೂ ಬಿಗಿಯುವಂತಿಲ್ಲ. ಚಕ್ರವನ್ನು ತಿರುಗಿಸುತ್ತ ಒಳನಟ್ಟನ್ನು ಬಿಗಿಯುತ್ತ ಹೋಗಿ, ಚಕ್ರ ಸ್ವಲ್ಪ ಹಿಡಿಯಿತು ಎನ್ನುವಾಗ ನಿಲ್ಲಿಸಿ, ಸುಮಾರು ಆರನೇ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು, ಲಾಕ್ ವಾಷರ್ ಹಾಕಿ, ಹೊರನಟ್ಟು ಬಿಗಿದು, ವಾಷರಿನ ಅಂಚನ್ನು ಮಡಿಸಬೇಕು. ತಿರುಗಿಸದೆ ಬಿಗಿದರೆ ರೋಲರುಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂತಿರುವುದಿಲ್ಲ. ಆಗ ಬಿಗಿ ಎಂದು ಕೈಗೆ ತೋರಿದ್ದು ಹತ್ತು ಕಿಲೋಮೀಟರ್ ಓಡಿದ ಮೇಲೆ ಸಡಿಲವಾಗಿಯೂ ಇರಬಹುದು, ನಮ್ಮಲ್ಲಿ ಆದಂತೆ ಇನ್ನೂ ಬಿಗಿಯಾಗಿಯೂ ಇರಬಹುದು.

ಕೊನೆಗೆ ಅಪ್ಪನ ಕಾಲದಿಂದ ಈ ಗಾಡಿಯನ್ನು ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಹೋದೆ. ಅವರು ಈಗ ಕೆಲಸ ಕಡಿಮೆ ಮಾಡಿದ್ದಾರೆ. ಶೆಡ್ಡಿನಲ್ಲಿ ಮಗ ಕೆಲಸ ಮಾಡುತ್ತಾನೆ, ಅವರು ಬೆಂಚಿನ ಮೇಲೆ ಕೂತು ನೋಡುತ್ತಾರೆ. ನಾನು ಸದ್ದು ಎಷ್ಟು ವೇಗದಲ್ಲಿ ಬರುತ್ತದೆ, ಎಲ್ಲಿಂದ ಬರುತ್ತದೆ, ಹೇಗೆ ಕೇಳಿಸುತ್ತದೆ ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಸರಿ ಗೌಡ್ರೆ, ಯಾವಾಗ ಬರಲ್ಲ?” ಎಂದು ಕೇಳಿದರು.

“ಅದನ್ನ ನೋಡಿಲ್ಲ ಸಾಬ್ರೆ” ಎಂದೆ. ನಿಜಕ್ಕೂ ನಾನು ಒಮ್ಮೆಯೂ ನೋಡಿರಲಿಲ್ಲ. ಸದ್ದು ಬಂದಾಗ ಕಿವಿಗೊಟ್ಟಿದ್ದೆನೇ ಹೊರತು, ಗಾಡಿಯಲ್ಲಿ ಏನನ್ನು ಬದಲಿಸಿದರೆ ಅದು ನಿಲ್ಲುತ್ತದೆ ಎಂದು ಪರೀಕ್ಷಿಸಿರಲಿಲ್ಲ. ಅವರು ಎದ್ದು ಬಂದು ಪಕ್ಕದಲ್ಲಿ ಕೂತರು, ನಾನು ಓಡಿಸಿದೆ.

ಮೊದಲು 50ರ ವೇಗದಲ್ಲಿ ಗೇರನ್ನು ನ್ಯೂಟ್ರಲ್‌ಗೆ ತರಲು ಹೇಳಿದರು. ಎಂಜಿನ್ನಿನ ಸದ್ದು ತಗ್ಗಿತು, ಮೊರೆತ ಹಾಗೆಯೇ ಇತ್ತು. ಎಂಜಿನ್ನು, ಕ್ಲಚ್ಚು ಆ ಕ್ಷಣಕ್ಕೆ ಲೆಕ್ಕದಿಂದ ಹೊರಬಿದ್ದವು. ಆಮೇಲೆ ಎದುರಿಗೆ ಯಾವ ಗಾಡಿಯೂ ಇಲ್ಲದ ನೇರ ರಸ್ತೆಯಲ್ಲಿ ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ವಾಲಿಸಲು ಹೇಳಿದರು. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಚಕ್ರದ ಮೇಲೆ ಬೀಳುತ್ತದೆ, ಎಡಕ್ಕೆ ತಿರುಗಿದಾಗ ಬಲಚಕ್ರದ ಮೇಲೆ. ಚಕ್ರದ ಬೇರಿಂಗ್ ಕೆಟ್ಟಿದ್ದರೆ ಭಾರ ಬಿದ್ದಾಗ ಅದರ ಸದ್ದು ಸಾಮಾನ್ಯವಾಗಿ ಏರುತ್ತದೆ, ಭಾರ ಇಳಿದಾಗ ತಗ್ಗುತ್ತದೆ. ನಮ್ಮ ಸದ್ದು ಎರಡೂ ಕಡೆ ವಾಲಿದಾಗ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಮೊದಲೇ ಈ ಒಂದು ಪರೀಕ್ಷೆ ಮಾಡಿದ್ದರೆ ಬೇರಿಂಗ್ ಬದಲಿಸಿಯೂ ಸದ್ದು ಹೋಗುವುದಿಲ್ಲ ಎಂಬುದು ಗ್ಯಾರೇಜಿಗೆ ಹೋಗುವ ಮೊದಲೇ ತಿಳಿಯುತ್ತಿತ್ತು.

ಮೂರನೆಯ ಪರೀಕ್ಷೆ ಅರ್ಥವಾಗಬೇಕಾದರೆ ಈ ಬಗೆಯ ಗಾಡಿಯ ಮುಂಭಾಗ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು. ಗೇರ್ ಬಾಕ್ಸಿನ ಹಿಂದೆ, ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಅದರಿಂದ ಒಂದು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಬಲವನ್ನು ಒಯ್ಯುವ ತಿರುಗುವ ದಂಡ, ಹಿಂದಕ್ಕೂ ಇನ್ನೊಂದು ಮುಂದಕ್ಕೂ ಹೋಗುತ್ತದೆ. ಟೂ ವೀಲ್‌ನಲ್ಲಿ ಓಡಿಸುವಾಗ, ಅಂದರೆ ಹಿಂದಿನ ಚಕ್ರಗಳನ್ನಷ್ಟೇ ಎಂಜಿನ್ ತಿರುಗಿಸುವಾಗ, ಮುಂದಿನ ಶಾಫ್ಟಿಗೆ ಎಂಜಿನ್ನಿನ ಬಲ ಹೋಗುವುದಿಲ್ಲ. ಆದರೆ ಬಲ ಹೋಗುವುದಿಲ್ಲ ಎಂದ ಮಾತ್ರಕ್ಕೆ ಅದು ಸುಮ್ಮನಿದೆ ಎಂದಲ್ಲ. ಚಕ್ರದ ನಡುವಿನ ಹಬ್ ಲಾಕ್ ಆಗಿದ್ದರೆ, ರಸ್ತೆಯ ಮೇಲೆ ಉರುಳುವ ಮುಂದಿನ ಚಕ್ರವೇ ಆಕ್ಸಲ್ ಶಾಫ್ಟನ್ನು, ಅದು ಆಕ್ಸಲಿನ ನಡುವಿನ ಹಲ್ಲಿನ ಚಕ್ರಗಳಾದ ಕ್ರೌನ್ ಪಿನಿಯನ್ನನ್ನು, ಅದು ಪ್ರೊಪೆಲ್ಲರ್ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ಫ್ರೀ ವೀಲ್ ಹಬ್ ಇರುವ ಗಾಡಿಗಳಲ್ಲಿ ಚಕ್ರದ ನಡುವಿನ ತಿರುಪನ್ನು ಕೈಯಿಂದ ‘ಫ್ರೀ’ ಕಡೆಗೆ ತಿರುಗಿಸಿದರೆ ಚಕ್ರ ಒಂದೇ ಉರುಳುತ್ತದೆ, ಒಳಗಿನದೆಲ್ಲ ನಿಲ್ಲುತ್ತದೆ. ಕೆಸರಿನ ದಿನಗಳಲ್ಲಿ ಮತ್ತೆ ಮತ್ತೆ ಇಳಿದು ತಿರುಗಿಸುವ ಕಷ್ಟ ಬೇಡವೆಂದು ನಾನು ಜೂನ್‌ನಲ್ಲಿ ಲಾಕ್ ಮಾಡಿದ ಹಬ್ಬುಗಳನ್ನು ಅಕ್ಟೋಬರ್ ಕಳೆದರೂ ಬಿಡಿಸಿರಲಿಲ್ಲ.

ಅವರು ಇಳಿದು ಎರಡೂ ಹಬ್ಬುಗಳನ್ನು ಫ್ರೀ ಮಾಡಿದರು. ಅದೇ ರಸ್ತೆಯಲ್ಲಿ ಅದೇ 50ಕ್ಕೆ ಹೋದಾಗ ಮೊರೆತ ಮಾಯವಾಗಿತ್ತು, ಕಾಲ ಕೆಳಗಿನ ಅದುರೂ ನಿಂತಿತ್ತು. ನಾನು ಇಷ್ಟಕ್ಕೇ ತೃಪ್ತನಾಗಿ ಹಿಂದಿರುಗುತ್ತಿದ್ದೆ, ಅವರು ಬಿಡಲಿಲ್ಲ. ಹಬ್ ಫ್ರೀ ಇರುವಂತೆಯೇ ಸಣ್ಣ ಲಿವರನ್ನು ಫೋರ್ ವೀಲ್‌ಗೆ ಹಾಕಿಸಿದರು. ಆಗ ಚಕ್ರಕ್ಕೂ ಆಕ್ಸಲಿಗೂ ಸಂಬಂಧವಿರುವುದಿಲ್ಲವಾದ್ದರಿಂದ ಒಣ ಟಾರು ರಸ್ತೆಯಲ್ಲಿ ಹಾಗೆ ಓಡಿಸಿದರೂ ಗಾಡಿಗೆ ತೊಂದರೆಯಿಲ್ಲ. ಆದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಎಂಜಿನ್ನಿನ ಬಲದಿಂದ ತಿರುಗುತ್ತದೆ. ಮೊರೆತ ಮರಳಿ ಬಂತು. ಚಕ್ರದ ಬೇರಿಂಗಿಗೂ ಈ ಸದ್ದಿಗೂ ಸಂಬಂಧವೇ ಇಲ್ಲ ಎಂಬುದು ಯಾವ ಸ್ಪ್ಯಾನರನ್ನೂ ಹಿಡಿಯದೆ ಅಲ್ಲಿಗೆ ತೀರ್ಮಾನವಾಯಿತು.

ಶೆಡ್ಡಿಗೆ ಬಂದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಪೂರ್ತಿ ಬಿಚ್ಚಿ ತೆಗೆದು, ಹಬ್ಬುಗಳನ್ನು ಮತ್ತೆ ಲಾಕ್ ಮಾಡಿ, ಟೂ ವೀಲ್‌ನಲ್ಲಿ ಇನ್ನೊಂದು ಸುತ್ತು ಓಡಿಸಿದೆವು. ಈಗ ಆಕ್ಸಲೂ ಕ್ರೌನ್ ಪಿನಿಯನ್ನೂ ತಿರುಗುತ್ತಿವೆ, ಶಾಫ್ಟ್ ಮಾತ್ರ ಇಲ್ಲ. ಗಾಡಿ ಮೌನವಾಗಿ ಓಡಿತು. ಕ್ರೌನ್ ಪಿನಿಯನ್ ಸದ್ದು ಎಂದು ಯಾರಾದರೂ ಹೇಳಿದ್ದರೆ, ಹೌಸಿಂಗ್ ಬಿಚ್ಚಿಸಲು ನಾನು ಒಪ್ಪಿಬಿಡುತ್ತಿದ್ದೆ ಎಂಬುದನ್ನು ನೆನೆದಾಗ ಈಗಲೂ ಕಳವಳವಾಗುತ್ತದೆ.

ಬಿಚ್ಚಿದ ಶಾಫ್ಟನ್ನು ವೈಸಿಗೆ ಕಟ್ಟಿ, ತುದಿಯ ಕ್ರಾಸಿನ, ಅಂದರೆ ಶಾಫ್ಟ್ ಕೋನದಲ್ಲಿ ಬಾಗಿಯೂ ತಿರುಗಲು ಬಿಡುವ ನಾಲ್ಕು ತುದಿಗಳ ಜೋಡಣೆಯ, ಸರ್ಕ್ಲಿಪ್ ತೆಗೆದು, ಆ ತುದಿಗಳ ಮೇಲಿನ ಕಪ್ಪುಗಳನ್ನು ಒಂದೊಂದಾಗಿ ತಟ್ಟಿ ಹೊರತಂದರು. ಮೂರು ಕಪ್ಪುಗಳಲ್ಲಿ ಸೂಜಿಯಂಥ ರೋಲರುಗಳು ಗ್ರೀಸಿನಲ್ಲಿ ಮುಳುಗಿ ಹೊಳೆಯುತ್ತಿದ್ದವು. ನಾಲ್ಕನೆಯ ಕಪ್ಪನ್ನು ಅಂಗೈ ಮೇಲೆ ಬೋರಲು ಹಾಕಿದಾಗ ಕಾವಿಮಣ್ಣಿನಂಥ ಕೆಂಪು ಪುಡಿ ಉದುರಿತು, ರೋಲರುಗಳಲ್ಲಿ ಎರಡು ಮುರಿದಿದ್ದವು. ಆ ಕಪ್ಪು ಕೂತಿದ್ದ ಕ್ರಾಸಿನ ತುದಿಯ ಮೇಲೆ ಉದ್ದಕ್ಕೆ ಸಾಲು ಸಾಲಾಗಿ ಗೀರುಗಳು ಮೂಡಿದ್ದು, ಉಗುರು ಆಡಿಸಿದರೆ ಬಾಚಣಿಗೆಯ ಹಲ್ಲಿನ ಮೇಲೆ ಎಳೆದಂತೆ ಕಟಕಟ ಎನ್ನುತ್ತಿತ್ತು. ಒಂದೇ ಗ್ರೀಸ್ ನಿಪ್ಪಲಿನಿಂದ ನಾಲ್ಕೂ ಕಪ್ಪಿಗೆ ಗ್ರೀಸು ಹೋಗಬೇಕು. ಒಂದು ದಾರಿ ಕಟ್ಟಿಕೊಂಡಿದ್ದರೆ ಗ್ರೀಸು ಸುಲಭದ ದಾರಿಯಲ್ಲಿ ಹರಿದು ಮೂರು ಕಡೆಯಿಂದ ಹೊರಬರುತ್ತದೆ, ಗ್ರೀಸ್ ಹೊಡೆದವನಿಗೆ ಕೆಲಸ ಮುಗಿದಂತೆ ಕಾಣುತ್ತದೆ. ನಾಲ್ಕೂ ಸೀಲುಗಳಿಂದ ಹೊಸ ಗ್ರೀಸು ಇಣುಕಿತೇ ಎಂದು ಶಾಫ್ಟನ್ನು ತಿರುಗಿಸಿ ತಿರುಗಿಸಿ ನೋಡಬೇಕು. ವರ್ಷಕ್ಕೆ ಎರಡು ಬಾರಿ ತಪ್ಪದೆ ಗ್ರೀಸ್ ಹೊಡೆಸುತ್ತಿದ್ದ ನಾನು ಒಮ್ಮೆಯೂ ಗಾಡಿಯ ಕೆಳಗೆ ಮಲಗಿ ಅದನ್ನು ಎಣಿಸಿರಲಿಲ್ಲ.

ಸದ್ದಿಗೆ ಕಾರಣ ಸಿಕ್ಕಿತು. ಅದುರಿಗೆ ಕಾರಣ ಅದೇ ಶಾಫ್ಟಿನ ಇನ್ನೊಂದು ಜಾಗದಲ್ಲಿತ್ತು. ಪ್ರೊಪೆಲ್ಲರ್ ಶಾಫ್ಟಿನ ನಡುವೆ ಉದ್ದ ಹೆಚ್ಚು ಕಡಿಮೆಯಾಗಲು ಹಲ್ಲುಗಳಿರುವ ಜಾರುವ ಜೋಡಣೆ ಇರುತ್ತದೆ. ಅದರ ಎರಡೂ ಭಾಗಗಳ ಮೇಲೆ ಬಾಣದ ಗುರುತು ಒತ್ತಿರುತ್ತಾರೆ. ಹಳೆಯ ಕೆಸರನ್ನು ಸೀಮೆಎಣ್ಣೆ ಹಾಕಿ ಬ್ರಷ್ಷಿನಿಂದ ಉಜ್ಜಿದಾಗ ಬಾಣಗಳು ಒಂದಕ್ಕೊಂದು ಎದುರಾಗಿರದೆ ಎರಡು ಹಲ್ಲು ಆಚೀಚೆ ಇರುವುದು ಕಂಡಿತು. ಕೆಲವು ವರ್ಷಗಳ ಹಿಂದೆ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸೀಲ್ ಬದಲಿಸಲು ಶಾಫ್ಟ್ ಬಿಚ್ಚಿಸಿದ್ದು ನೆನಪಾಯಿತು.

ಎರಡು ಹಲ್ಲು ತಪ್ಪಿದರೆ ಏನಾಗುತ್ತದೆ ಎಂಬುದು ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಸೆಳೆದ ವಿಷಯ. ನಾವು ಕ್ರಾಸ್ ಎಂದು ಕರೆಯುವ ಜೋಡಣೆಗೆ 16ನೇ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೋ ಹೆಸರೂ, 17ನೇ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹೆಸರೂ ಅಂಟಿಕೊಂಡಿದೆ. ಅದಕ್ಕೊಂದು ಹುಟ್ಟುಗುಣವಿದೆ. ಶಾಫ್ಟ್ ಕೋನದಲ್ಲಿ ಬಾಗಿದ್ದಾಗ ಒಂದು ತುದಿಯನ್ನು ಎಷ್ಟೇ ಸಮವಾಗಿ ತಿರುಗಿಸಿದರೂ ಇನ್ನೊಂದು ತುದಿ ಸಮವಾಗಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದಕ್ಕೆ ಓಡಿ ಎರಡು ಬಾರಿ ಹಿಂದೆ ಬೀಳುತ್ತದೆ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಶೇ. 1.5ರಷ್ಟು, 30 ಡಿಗ್ರಿ ಆದರೆ ಶೇ. 13ರಿಂದ 15ರಷ್ಟು. ಶಾಫ್ಟಿನ ಎರಡು ತುದಿಗಳಲ್ಲೂ ಕ್ರಾಸ್ ಇಟ್ಟು, ಎರಡೂ ತುದಿಯ ಯೋಕುಗಳು (ಕ್ರಾಸನ್ನು ಹಿಡಿಯುವ ಕವಲುಗಳು) ಒಂದೇ ಸಮತಲದಲ್ಲಿರುವಂತೆ ಜೋಡಿಸಿ, ಎರಡೂ ಕೋನಗಳನ್ನು ಸಮವಾಗಿಟ್ಟರೆ ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಬಾಣದ ಗುರುತು ಇರುವುದು ಇದಕ್ಕೇ. ಹಲ್ಲು ತಪ್ಪಿಸಿ ಕೂರಿಸಿದಾಗ ಅಳಿಸುವ ಕೆಲಸ ಅರ್ಧಕ್ಕೆ ನಿಂತು, ಉಳಿದದ್ದು ಅದುರಾಗಿ ಚಾಸಿಗೆ ಬರುತ್ತದೆ. ಗಾಡಿಯ ಎತ್ತರ ಹೆಚ್ಚಿಸಲು ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟು ಸೇರಿಸಿದವರ ಗಾಡಿಗಳಲ್ಲಿ ಬಾಣ ಸರಿಯಿದ್ದರೂ ಅದುರು ಬರುವುದಕ್ಕೆ ಕೋನ ಬದಲಾಗುವುದೇ ಕಾರಣ.

ಮನೆಗೆ ಬಂದು ಲೆಕ್ಕ ಹಾಕಿದಾಗ, ಅದುರಿನ ಬಗೆಯಿಂದಲೇ ಇದನ್ನು ಊಹಿಸಬಹುದಿತ್ತು ಎನಿಸಿತು. ನಮ್ಮ 6.00-16 ಟಯರಿನ ಸುತ್ತಳತೆ ಸುಮಾರು 2.25 ಮೀಟರ್. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತಿಗೆ ಹತ್ತಿರ ತಿರುಗುತ್ತದೆ. ರಿಮ್ ಬೆಂಡಾಗಿದ್ದರೆ, ಟಯರ್ ಉಬ್ಬಿದ್ದರೆ, ಬ್ಯಾಲೆನ್ಸ್ ತಪ್ಪಿದ್ದರೆ ಬರುವ ನಡುಕ ಈ ಲಯದ್ದು. ಸ್ಟೇರಿಂಗ್ ಹಿಡಿದ ಕೈಗೆ ಅದು ಬಿಡಿಬಿಡಿ ಹೊಡೆತವಾಗಿ, ಬಹುತೇಕ ಎಣಿಸಬಹುದಾದಂತೆ ತಿಳಿಯುತ್ತದೆ. ಕ್ರೌನ್ ಪಿನಿಯನ್ ಅನುಪಾತವನ್ನು ಸುಮಾರು ಐದಕ್ಕೆ ಒಂದು ಎಂದು ಹಿಡಿದರೆ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ 37 ಸುತ್ತು ತಿರುಗುತ್ತದೆ. ಕ್ರಾಸಿನ ಏರಿಳಿತ ಸುತ್ತಿಗೆ ಎರಡರಂತೆ 74 ಬಾರಿ ಆಗುತ್ತದೆ. ಅಷ್ಟು ವೇಗದ ನಡುಕವನ್ನು ಕೈ ಬಿಡಿಸಿ ಹೇಳಲಾರದು. ಅದು ಅಂಗೈಯಲ್ಲಿ ಜೋಮಾಗಿ, ಕಿವಿಯಲ್ಲಿ ಮೊರೆತವಾಗಿ ಕೂರುತ್ತದೆ. ಗೇರ್ ಲಿವರಿನ ಮೇಲೆ ಕೈ ಜೋಮು ಹಿಡಿಯುತ್ತಿತ್ತು ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಹೊಡೆದುಕೊಳ್ಳುವ ತೊಂದರೆ, ನಮ್ಮ ಕಡೆ ವಾಬ್ಲಿಂಗ್ ಎನ್ನುವುದು, ಹಬ್ ಫ್ರೀ ಮಾಡಿದಾಗಲೂ ಹೋಗಿರಲಿಲ್ಲ. ಮೂರರಲ್ಲಿ ಅಪಾಯಕಾರಿಯಾದದ್ದು ಅದೇ. ಘಾಟಿಯ ತಿರುವಿನಲ್ಲಿ ಅದು ಬಂದರೆ ಗಾಡಿ ನಮ್ಮ ಕೈಯಲ್ಲಿ ಇರುವುದಿಲ್ಲ. ಜಾಕ್ ಹಾಕಿ ಆಕ್ಸಲಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮೊದಲು ಚಕ್ರದ ನಟ್ಟುಗಳನ್ನು ನೋಡಿದರು. ಆಮೇಲೆ ಟಯರಿನ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲ್ಲಾಡಿಸಿದರು. ಎಡಚಕ್ರದಲ್ಲಿ ಟಕ್ ಎಂದಿತು. ಹೀಗೆ ಆಟ ಕಂಡಾಗ ಅದು ಬೇರಿಂಗಿನದೋ, ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್ ಪಿನ್‌ನದೋ ಎಂದು ಬಿಡಿಸಲು ಸರಳವಾದ ಉಪಾಯವಿದೆ. ಇನ್ನೊಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿಯಬೇಕು. ಆಗ ಡ್ರಮ್ಮು ಹಿಂದಿನ ಪ್ಲೇಟಿಗೆ ಕಚ್ಚಿಕೊಳ್ಳುವುದರಿಂದ ಬೇರಿಂಗಿನ ಆಟ ಅಡಗುತ್ತದೆ, ಕಿಂಗ್ ಪಿನ್‌ನ ಆಟ ಹಾಗೆಯೇ ಉಳಿಯುತ್ತದೆ. ನಾನು ಬ್ರೇಕ್ ಒತ್ತಿದೆ, ಟಕ್ ಎನ್ನುವುದು ನಿಲ್ಲಲಿಲ್ಲ. ಎಡ ಬಲ ತುದಿಗಳನ್ನು ಹಿಡಿದು ಅಲ್ಲಾಡಿಸಿದಾಗ, ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ಹೊರಳಿಸುವ ಟೈ ರಾಡ್‌ನ ತುದಿಗಳಲ್ಲಿ ಆಟ ಕಾಣಲಿಲ್ಲ.

ಟೈ ರಾಡನ್ನು ಬಿಡಿಸಿ, ಎತ್ತಿದ ಚಕ್ರವನ್ನು ಕೈಯಿಂದ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ ನೋಡಲು ಹೇಳಿದರು. ಎರಡು ಕೊನೆಗಳಲ್ಲಿ ನುಣುಪಾಗಿ ತಿರುಗುತ್ತಿದ್ದ ಚಕ್ರ ನೇರವಾಗಿ ಬರುವಾಗ ಸಣ್ಣ ಹಳ್ಳವೊಂದಕ್ಕೆ ಇಳಿದು ಕೂತಂತೆ ನಿಲ್ಲುತ್ತಿತ್ತು. ಅದನ್ನು ದಾಟಿಸಲು ಸ್ವಲ್ಪ ಬಲ ಬೇಕಾಗುತ್ತಿತ್ತು. ಕಿಂಗ್ ಪಿನ್ ಬೇರಿಂಗ್ ಪೂರ್ತಿ ಸುತ್ತು ತಿರುಗುವ ಬೇರಿಂಗಲ್ಲ. ಗಾಡಿ ಬಹುಪಾಲು ನೇರವಾಗಿ ಓಡುವುದರಿಂದ ವರ್ಷಗಟ್ಟಲೆ ಅವೇ ರೋಲರುಗಳು ಅದೇ ಜಾಗದಲ್ಲಿ ಕುಟ್ಟಿಸಿಕೊಂಡು ರೇಸಿನಲ್ಲಿ, ಅಂದರೆ ಅವು ಉರುಳುವ ಉಕ್ಕಿನ ಬಳೆಯಲ್ಲಿ, ಕುಳಿ ತೋಡುತ್ತವೆ. ಬಿಚ್ಚಿದಾಗ ಕೆಳಗಿನ ರೇಸಿನಲ್ಲಿ ರೋಲರಿನ ಅಗಲದ ಕುಳಿಗಳು ಕಣ್ಣಿಗೇ ಕಂಡವು. ಹೊಸ ಬೇರಿಂಗ್ ಹಾಕಿದ ಮೇಲೆ, ಮುಚ್ಚಳದ ಕೆಳಗಿನ ಶಿಮ್ ಎನ್ನುವ ತೆಳು ತಗಡುಗಳನ್ನು ಒಂದೊಂದಾಗಿ ತೆಗೆಯುತ್ತ, ಟೈ ರಾಡಿನ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಬಿಗಿ ನೋಡಿದರು. ಸಡಿಲವಾದರೆ ವಾಬ್ಲಿಂಗ್ ಮರಳುತ್ತದೆ. ತುಂಬ ಬಿಗಿಯಾದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಈ ಕೆಲಸಕ್ಕೆ ಅರ್ಧ ದಿನ ಹಿಡಿಯಿತು, ಅವರು ಅವಸರ ಮಾಡಲಿಲ್ಲ. ವಾಬ್ಲಿಂಗಿಗೆ, ಹೊಡೆತವನ್ನು ಹೀರುವ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿದರೆ ಸಾಕು ಎಂದು ಹಲವರು ಸಲಹೆ ಕೊಟ್ಟಿದ್ದರು. ಡ್ಯಾಂಪರ್ ತಪ್ಪಲ್ಲ, ಆದರೆ ಸವೆದ ಕಿಂಗ್ ಪಿನ್ ಇಟ್ಟುಕೊಂಡು ಅದನ್ನು ಹಾಕಿದರೆ ಎಚ್ಚರಿಕೆಯ ಗಂಟೆಯ ನಾಲಿಗೆಯನ್ನು ಕಟ್ಟಿದಂತೆ.

ಹೊಸ ಕಾಲದ, ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರ ತನ್ನಷ್ಟಕ್ಕೆ ಏರಿಳಿಯುವ ವ್ಯವಸ್ಥೆ) ಇರುವ ಫೋರ್ ವೀಲ್ ಗಾಡಿಗಳಲ್ಲಿ ಕಿಂಗ್ ಪಿನ್ ಬದಲು ಬಾಲ್ ಜಾಯಿಂಟ್ ಇರುತ್ತದೆ, ಆಕ್ಸಲ್ ತುದಿಯಲ್ಲಿ ಸಿವಿ, ಅಂದರೆ ಸಮವೇಗದ, ಜಾಯಿಂಟ್ ಇರುತ್ತದೆ. ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ರೂಪಿಸಿದ, ಆರು ಗುಂಡುಗಳ ಆ ಜೋಡಣೆಯಲ್ಲಿ ಹುಕ್ ಜೋಡಣೆಯ ಏರಿಳಿತ ಇಲ್ಲ. ಪೂರ್ತಿ ತಿರುಗಿಸಿ ವೇಗ ಕೊಟ್ಟಾಗ ಟಕಟಕ ಎಂದರೆ ಹೊರಗಿನ ಸಿವಿ ಜಾಯಿಂಟನ್ನೂ ಅದರ ಹರಿದ ರಬ್ಬರ್ ಬೂಟನ್ನೂ ಮೊದಲು ನೋಡಬೇಕು. ಮುಂದಿನ ಆಕ್ಸಲಿನಲ್ಲೂ ಸಾದಾ ಕ್ರಾಸ್ ಇರುವ ಹಳೆಯ ಗಾಡಿಗಳಲ್ಲಿ, ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದಾಗ ಸ್ಟೇರಿಂಗ್ ಲಯಬದ್ಧವಾಗಿ ಜಗ್ಗುವುದು ಕೆಟ್ಟದ್ದರ ಗುರುತಲ್ಲ, ಅದರ ಸ್ವಭಾವ. ಒಣ ಟಾರು ರಸ್ತೆಯಲ್ಲಿ ಹಬ್ ಲಾಕ್ ಮಾಡಿ ಫೋರ್ ವೀಲ್‌ನಲ್ಲಿ ತಿರುವು ತೆಗೆದುಕೊಂಡಾಗ ಗಾಡಿ ಹಿಡಿದಂತಾಗಿ ಟಯರು ಕುಪ್ಪಳಿಸುವುದೂ ಹಾಗೆಯೇ. ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಉದ್ದದ ದಾರಿ ಕ್ರಮಿಸಬೇಕು, ನಡುವೆ ವೇಗದ ವ್ಯತ್ಯಾಸಕ್ಕೆ ಎಡೆಗೊಡುವ ಡಿಫರೆನ್ಷಿಯಲ್ ಇಲ್ಲದಿದ್ದರೆ ಆ ವ್ಯತ್ಯಾಸವನ್ನು ಟಯರೇ ಉಜ್ಜಿ ತೀರಿಸಬೇಕು. ಕೆಸರಿನಲ್ಲಿ ಅದು ಗೊತ್ತಾಗುವುದಿಲ್ಲ.

ಹೊಸ ಕ್ರಾಸ್ ಹಾಕಿ, ಬಾಣಕ್ಕೆ ಬಾಣ ಕೂಡಿಸಿ, ಬಲಗಡೆಯ ಹಬ್ ನಟ್ಟನ್ನು ಮತ್ತೆ ಹೊಂದಿಸಿಕೊಂಡು ಹೊರಟ ದಿನ ನಾನು ಬೇಕೆಂದೇ ಹಬ್ಬುಗಳನ್ನು ಲಾಕ್ ಮಾಡಿಯೇ ಓಡಿಸಿದೆ. 35 ದಾಟಿತು, 50 ದಾಟಿತು, ಲಿವರಿನ ಮೇಲಿಟ್ಟ ಕೈಗೆ ಎಂಜಿನ್ನಿನ ಮಿಡಿತ ಬಿಟ್ಟು ಬೇರೇನೂ ತಿಳಿಯಲಿಲ್ಲ. ಎಡಚಕ್ರವನ್ನು ಗುಂಡಿಯೊಂದಕ್ಕೆ ಇಳಿಸಿ ಎಬ್ಬಿಸಿದೆ, ಸ್ಟೇರಿಂಗ್ ಒಮ್ಮೆ ಅಲುಗಿ ಸುಮ್ಮನಾಯಿತು. ಊರೊಳಗಿನ ಕಾಂಕ್ರೀಟ್ ರಸ್ತೆಗೆ ಬಂದಾಗ ಮಾತ್ರ ಮುಂದಿನಿಂದ ತೆಳ್ಳನೆಯ ಗುಂಯ್ ಎಂಬ ದನಿ ಕೇಳಿತು. ಮೊದಲಿನ ಮೊರೆತದ ಅಡಿಯಲ್ಲಿ ಅದು ಎಂದಿನಿಂದ ಹೂತಿತ್ತೋ ತಿಳಿಯದು. ಹಬ್ ಫ್ರೀ ಮಾಡಿ ಅದೇ ಜಾಗದಲ್ಲಿ ಮತ್ತೆ ಓಡಿಸಿದರೂ ಹೋಗಲಿಲ್ಲ, ಎಡಕ್ಕೆ ಬಲಕ್ಕೆ ವಾಲಿಸಿದರೂ ಬದಲಾಗಲಿಲ್ಲ. ಇಳಿದು ಮುಂದಿನ ಟಯರಿನ ಮೇಲೆ ಅಂಗೈ ಸವರಿದೆ. ಒಂದು ದಿಕ್ಕಿಗೆ ನುಣ್ಣಗಿತ್ತು, ಹಿಂದಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ತರಚಿತು. ಮುಂದಿನ ಭಾನುವಾರ ಮುಂದಿನ ಟಯರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ, ದನಿ ಅವುಗಳ ಜೊತೆಗೆ ಹಿಂದಕ್ಕೆ ಹೋಗುತ್ತದೆಯೇ ನೋಡಬೇಕು. ಕಾಂಕ್ರೀಟ್ ಮುಗಿದು ಟಾರು ರಸ್ತೆ ಸಿಕ್ಕಾಗ ಅದು ನಿಂತಿತು.